ಮುಂದಿನ ಶಾಕ್ ಅಬ್ಸಾರ್ಬರ್ ಹಾಕಿದ್ಮೇಲೆ ಟಕ್ ಟಕ್ ಸದ್ದಾ? ಶಾಕ್ ಬಯ್ಯೋಕೆ ಮುಂಚೆ ಬೋಲ್ಟ್ ನೋಡಿ

ಹೊಸ ಶಾಕ್ ಹಾಕಿ ಗಾಡಿ ಕೆಳಗಿಳಿಸಿ ಖುಷಿಯಾಗಿ ಹೊರಟ್ರೆ ಮೊದಲ ಹಂಪಲ್ಲೇ "ಟಕ್" ಅಂತ ಸದ್ದು ಬರತ್ತೆ. ಆಗ ಎಲ್ಲರ ತಲೇಗೂ ಬರೋದು ಒಂದೇ, ಡೂಪ್ಲಿಕೇಟ್ ಶಾಕ್ ಕೊಟ್ಬಿಟ್ರು ಅಂತ. ನಾನೂ ಒಂದ್ಸಲ ಹಾಗೇ ಅಂದ್ಕೊಂಡು, ಶಾಕ್ ಕೊಟ್ಟವರ ಹತ್ರ ಅರ್ಧ ಗಂಟೆ ಜಗಳ ಆಡಿ, ಮನೆಗೆ ಬಂದು ಚಕ್ರ ಬಿಚ್ಚಿ ನೋಡಿದ್ರೆ ಲಿಂಕ್ ರಾಡ್ (ಶಾಕನ್ನ ಎಡ ಬಲ ಸೇರಿಸೋ ಅಡ್ಡ ಕಂಬಿಗೆ ಜೋಡಿಸೋ ಸಣ್ಣ ಕಡ್ಡಿ) ನಟ್ ಬೆರಳಲ್ಲೇ ತಿರುಗ್ತಿತ್ತು, ಅದನ್ನ ಟೈಟ್ ಮಾಡೋಕೆ ಮರೆತವನು ನಾನೇ. ಆವತ್ತಿಂದ ನಂದು ಒಂದೇ ಅಭಿಪ್ರಾಯ, ಶಾಕ್ ಬದಲಾಯಿಸಿದ ತಕ್ಷಣ ಶುರುವಾಗೋ ಸದ್ದು ಹೆಚ್ಚಿನ ಸಲ ಶಾಕಿಂದಲ್ಲ, ಅದನ್ನ ಕೂರಿಸಿದ ರೀತಿಯಿಂದ ಬರೋದು.

ಇಲ್ಲಿ ಹೇಳ್ತಿರೋದು ಜಾಸ್ತಿ ಕಾರುಗಳಲ್ಲಿ ಇರೋ ಸ್ಟ್ರಟ್ ಥರದ ಮುಂದಿನ ಸಸ್ಪೆನ್ಷನ್ ಬಗ್ಗೆ, ಅಂದ್ರೆ ಶಾಕ್ ಮೇಲೇನೇ ಸ್ಪ್ರಿಂಗ್ ಕೂತಿರತ್ತಲ್ಲ ಅದು. ಇದ್ರಲ್ಲಿ ನೋಡ್ಬೇಕಾದ ಜಾಗ ನಾಲ್ಕು. ಬಾನೆಟ್ ಎತ್ತಿದ್ರೆ ಮೇಲೆ ಕಾಣೋ ಸಣ್ಣ ನಟ್‌ಗಳು, ಸಾಮಾನ್ಯವಾಗಿ ಮೂರು ಇರತ್ತೆ, ಶಾಕಿನ ಮೇಲ್ತುದಿಯ ರಬ್ಬರ್ ಹಿಡಿಕೆ, ಅಂದ್ರೆ ಮೌಂಟನ್ನ, ಬಾಡಿಗೆ ಹಿಡಿಯೋದು ಇವೇ. ಅವುಗಳ ಮಧ್ಯೆ ಶಾಕ್ ರಾಡ್ ಮೇಲಿನ ಒಂದು ನಟ್. ಕೆಳಗಡೆ ನಕಲ್‌ಗೆ ಹಿಡಿಯೋ ಎರಡು ದಪ್ಪ ಬೋಲ್ಟ್, ನಕಲ್ ಅಂದ್ರೆ ಚಕ್ರದ ಬೇರಿಂಗು ಬ್ರೇಕು ಕೂರೋ ಗಟ್ಟಿ ಲೋಹದ ತುಂಡು. ಇದರ ಜೊತೆ ಶಾಕ್ ಮೈಮೇಲೆ ಬರೋ ಲಿಂಕ್ ರಾಡ್ ನಟ್ಟು ಮತ್ತೆ ಬ್ರೇಕ್ ಹೋಸ್ ಕ್ಲಿಪ್ಪು.

ಒಂದು ವಿಷಯ ಮೊದಲೇ ತಲೇಲಿ ಇಟ್ಕೊಳ್ಳಿ, ಮುಂದಿಂದು ಎಲ್ಲಾ ಸುಲಭ ಆಗತ್ತೆ. ಕೆಳಗಿನ ಆ ಎರಡು ಬೋಲ್ಟು ಗೂಟದ ಥರ ಅಡ್ಡ ನಿಂತು ಚಕ್ರನ ಹಿಡ್ಕೊಂಡಿರಲ್ಲ. ಬೋಲ್ಟ್ ಟೈಟಾದಾಗ ಅದು ರಬ್ಬರ್ ಬ್ಯಾಂಡ್ ಥರ ಒಂಚೂರು ಎಳ್ಕೊಳತ್ತೆ, ಆ ಎಳೆತದಿಂದ ಶಾಕಿನ ಬ್ರಾಕೆಟ್ಟು ನಕಲ್ಲು ಒಂದಕ್ಕೊಂದು ಒತ್ಕೊಳತ್ತೆ, ಆ ಒತ್ತಡದ ಉಜ್ಜಾಟದಲ್ಲೇ ಎರಡೂ ಅಲುಗಾಡದೆ ನಿಲ್ಲೋದು. ಹಾಗಾಗಿ ಬೋಲ್ಟ್ ತೂತಲ್ಲಿ ಇದ್ರೂ, ನಟ್ ಬಿದ್ದಿಲ್ದೆ ಇದ್ರೂ, ಒತ್ತಡ ಸಾಕಾಗ್ಲಿಲ್ಲ ಅಂದ್ರೆ ಜಾಯಿಂಟ್ ಜಾರತ್ತೆ. "ನಟ್ ಇದೆಯಲ್ಲ ಸಾರ್" ಅನ್ನೋದು ಉತ್ತರ ಅಲ್ಲ.

ಕೈ ಹಾಕೋ ಮುಂಚೆ

ಜಾಕಿ ಮೇಲೆ ಮಾತ್ರ ಗಾಡಿ ನಿಲ್ಲಿಸಿ ಒಳಗೆ ಕೈ ತಲೆ ಹಾಕ್ಬೇಡಿ. ಗಟ್ಟಿ ಸಮತಟ್ಟು ನೆಲ, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲೋ ಮರದ ತುಂಡೋ, ಹ್ಯಾಂಡ್ ಬ್ರೇಕ್, ಆಮೇಲೆ ಜಾಕಿ, ಆಮೇಲೆ ಸ್ಟ್ಯಾಂಡ್. ಸ್ಟ್ಯಾಂಡ್ ಮೇಲೆ ಕೂರಿಸಿ ಬಾಡೀನ ಒಂದ್ಸಲ ಚೆನ್ನಾಗಿ ಅಲ್ಲಾಡಿಸಿ ನೋಡಿ, ಬೀಳೋದಾದ್ರೆ ನೀವು ಹೊರಗಿರೋವಾಗಲೇ ಬೀಳ್ಲಿ.

ಇನ್ನೊಂದು, ಇದು ಪ್ರಾಣದ ವಿಷಯ. ಮಧ್ಯದ ರಾಡ್ ನಟ್ ಸ್ಪ್ರಿಂಗನ್ನ ಒತ್ತಿ ಹಿಡಿದಿಟ್ಟಿರತ್ತೆ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನ ಒತ್ತಿ ಹಿಡಿಯೋ ಉಪಕರಣ) ಹಾಕ್ದೆ ಅದನ್ನ ಬಿಚ್ಚಿದ್ರೆ ಸ್ಪ್ರಿಂಗು ಮೌಂಟು ಎರಡೂ ಗುಂಡಿನ ಥರ ಹಾರತ್ತೆ. ಮೇಲಿನ ಮೂರು ನಟ್ ಬಿಚ್ಚೋಕೆ ಹೋಗಿ ಮಧ್ಯದ್ದಕ್ಕೆ ಸ್ಪ್ಯಾನರ್ ಹಾಕೋವ್ರನ್ನ ಕಣ್ಣಾರೆ ನೋಡಿದ್ದೀನಿ. ಕಂಪ್ರೆಸರ್ ಬಳಸಿ ಅಭ್ಯಾಸ ಇಲ್ಲ ಅಂದ್ರೆ ಸ್ಪ್ರಿಂಗ್ ಬಿಚ್ಚೋ ಕೆಲಸ ಗ್ಯಾರೇಜಿಗೇ ಬಿಡಿ, ಉಳಿದಿದ್ದು ನೀವು ಮಾಡ್ಕೊಳ್ಳಿ.

ಹಂಪ್ ಮೇಲೆ, ಹಳ್ಳದಲ್ಲಿ ಟಕ್ ಟಕ್

ಇದೇ ಎಲ್ಲಕ್ಕಿಂತ ಜಾಸ್ತಿ ಬರೋ ಕಂಪ್ಲೇಂಟು. ಮೊದಲು ಕಾಸಿಲ್ಲದ ಪರೀಕ್ಷೆ. ಗಾಡಿ ನೆಲದ ಮೇಲೇ ಇರ್ಲಿ, ಇಂಜಿನ್ ಆಫ್, ಬಾನೆಟ್ ಎತ್ತಿ, ರಾಡ್ ಮೇಲೆ ಪ್ಲಾಸ್ಟಿಕ್ ಮುಚ್ಚಳ ಇದ್ರೆ ತೆಗೀರಿ. ಒಬ್ರು ಆ ಕಡೆಯ ಫೆಂಡರ್ ಹತ್ರ ಗಾಡೀನ ಮೇಲೆ ಕೆಳಗೆ ಒತ್ತಿ ಬಿಡ್ಲಿ, ನೀವು ಮೌಂಟ್ ಮೇಲೆ ಅಂಗೈ ಇಟ್ಕೊಳ್ಳಿ. ಅಲ್ಲೇ ಕೈಗೆ ಏಟು ಬಿದ್ದ ಹಾಗೆ ತಾಗಿದ್ರೆ ತೊಂದರೆ ಮೇಲ್ಗಡೆ ಇದೆ, ಕೈಗೇನೂ ಗೊತ್ತಾಗ್ದೆ ಸದ್ದು ಮಾತ್ರ ಕೇಳಿಸಿದ್ರೆ ಕೆಳಗಡೆ ಇದೆ. ಕಿವಿ ನಂಬ್ಬೇಡಿ, ಈ ಸದ್ದು ಬಾಡಿ ತಗಡಿನಲ್ಲಿ ಓಡಾಡಿ ಎಡಗಡೇದು ಬಲಗಡೆ ಕೇಳಿಸತ್ತೆ. ಕೈ ಸುಳ್ಳು ಹೇಳಲ್ಲ.

ಮೇಲ್ಗಡೆ ಅಂತ ಗೊತ್ತಾದ್ರೆ ಎರಡು ಸಾಧ್ಯತೆ. ಮೂರು ನಟ್ ಲೂಸ್ ಇದ್ರೆ ಮೌಂಟ್ ಪೂರ್ತಿ ತಗಡಿನ ಜೊತೆ ಬಡಿಯತ್ತೆ, ನಟ್ ಸುತ್ತ ಪೇಂಟ್ ಉಜ್ಜಿ ಹೋಗಿ ಹೊಳೀತಿರತ್ತೆ. ಇವು ಸಣ್ಣ ನಟ್ಟು, ಇವುಗಳ ಟಾರ್ಕ್ (ಎಷ್ಟು ಬಲದಲ್ಲಿ ತಿರುಗಿಸಿ ಬಿಗಿ ಮಾಡ್ಬೇಕು ಅನ್ನೋ ಅಳತೆ) ಸಾಮಾನ್ಯವಾಗಿ 20ರಿಂದ 50 ನ್ಯೂಟನ್ ಮೀಟರ್ ಒಳಗೇ ಇರತ್ತೆ, ಉದ್ದ ಪೈಪ್ ಹಾಕಿ ಎಳೆದ್ರೆ ಸ್ಟಡ್ಡೇ ಮುರಿಯತ್ತೆ, ಸ್ಟಡ್ ಮುರಿದ್ರೆ ಮೌಂಟೇ ಹೊಸದು ಬೇಕು. ಇನ್ನೊಂದು, ಗಾಡಿ ಒತ್ತಿದಾಗ ಮೂರು ನಟ್ ಗಟ್ಟಿ ಇದ್ದು ಮಧ್ಯದ ರಾಡ್ ತುದಿ ಮಾತ್ರ ಮೌಂಟ್ ಒಳಗೆ ಪುಕ್ ಪುಕ್ ಅಂತ ಎದ್ದು ಕೂರ್ತಿದ್ರೆ, ರಾಡ್ ನಟ್ ಪೂರ್ತಿ ಕೂತಿಲ್ಲ, ಇಲ್ಲಾಂದ್ರೆ ಮೌಂಟಿನ ರಬ್ಬರ್ ಹರಿದಿದೆ. ರಬ್ಬರ್ ಒಂಚೂರು ಬಾಗೋದು ಸಹಜ, ಆದ್ರೆ ಲೋಹ ಲೋಹಕ್ಕೆ ತಾಗೋ ಸದ್ದು ಸಹಜ ಅಲ್ಲ. ಹೊಸ ಶಾಕಿಗೆ ಹಳೇ ಮೌಂಟೇ ಹಾಕಿದ್ರೆ ಇಲ್ಲಿ ಸಿಕ್ಕಿಬೀಳ್ತೀರ. ಸತ್ತ ಹಳೇ ಶಾಕಿನ ಜೊತೆ ಹೇಗೋ ಸುಮ್ಮನಿದ್ದ ರಬ್ಬರು, ಹೊಸ ಗಟ್ಟಿ ಶಾಕ್ ಬಂದ ಕೂಡ್ಲೇ ಬಾಯ್ಬಿಡತ್ತೆ.

ಕೆಳಗಡೆ ಅಂತಾದ್ರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ ಇರ್ಲಿ. ಅದರ ಸದ್ದು ಬೇರೆ ಥರ, ದೊಡ್ಡ ಹಂಪಲ್ಲಿ ಎರಡೂ ಚಕ್ರ ಒಟ್ಟಿಗೆ ಹತ್ತಿ ಇಳಿದ್ರೆ ಕಮ್ಮಿ, ಸಣ್ಣ ಸಣ್ಣ ಗುಂಡಿಯಲ್ಲಿ ಒಂದೊಂದೇ ಚಕ್ರ ಇಳಿಯೋವಾಗ ಕಟಕಟಕಟ ಅಂತ ಜಾಸ್ತಿ. ಯಾಕಂದ್ರೆ ಎಡಗಡೆ ಬಲಗಡೆ ಬೇರೆ ಬೇರೆ ಎತ್ತರಕ್ಕೆ ಹೋದಾಗಲೇ ಆ್ಯಂಟಿ ರೋಲ್ ಬಾರ್ (ಎಡ ಬಲ ಸೇರಿಸೋ ಆ ಅಡ್ಡ ಕಂಬಿ) ತಿರುಚ್ಕೊಳ್ಳೋದು, ಲಿಂಕ್ ಮೇಲೆ ಭಾರ ಬೀಳೋದು. ಲಿಂಕ್ ನಟ್ ಟೈಟ್ ಮಾಡೋವಾಗ ಒಳಗಿನ ಬಾಲ್ ಪಿನ್ನೂ ಜೊತೆಗೇ ತಿರುಗತ್ತೆ, ಹಾಗಾಗಿ "ಟೈಟಾಯ್ತು" ಅನ್ನೋ ಭ್ರಮೆ ಬರತ್ತೆ. ಪಿನ್ ತುದಿಯಲ್ಲಿ ಅಲೆನ್ ಕೀ ಹಾಕೋ ಗುಂಡಿ ಇರತ್ತೆ, ಇಲ್ಲಾ ಹಿಂದ್ಗಡೆ ಸ್ಪ್ಯಾನರ್ ಹಿಡಿಯೋ ಚಪ್ಪಟೆ ಜಾಗ ಇರತ್ತೆ, ಅದನ್ನ ಹಿಡ್ಕೊಂಡೇ ನಟ್ ತಿರುಗಿಸಿ.

ಲಿಂಕೂ ಸರಿ ಇದೆ ಅಂದ್ರೆ ಈಗ ಚಕ್ರ ಬಿಚ್ಚಿ, ಟಾರ್ಚ್ ಹಿಡ್ಕೊಂಡು ಆ ಎರಡು ದಪ್ಪ ಬೋಲ್ಟಿನ ಸುತ್ತ ಹತ್ತಿರದಿಂದ ನೋಡಿ. ಬ್ರಾಕೆಟ್ಟು ನಕಲ್ಲು ಸೇರೋ ಸಂದಿಯಿಂದ ಇಟ್ಟಿಗೆ ಪುಡಿ ಥರ ಕೆಂಪಗಿನ ನುಣ್ಣನೆ ಧೂಳು ಇಳಿದಿದ್ಯಾ? ಬೋಲ್ಟ್ ತಲೆ ಪಕ್ಕದಲ್ಲಿ, ಅದು ಮೊದಲು ಕೂತಿದ್ದ ಜಾಗದಲ್ಲಿ, ಉಗುರು ಕತ್ತರಿಸಿದ ತುಂಡಿನಷ್ಟು ಅಗಲದ ಹೊಳೆಯೋ ಚಂದ್ರಾಕಾರದ ಗೀರು ಕಾಣತ್ತಾ? ಹಾಗಿದ್ರೆ ಕೇಸ್ ಮುಗೀತು, ಜಾಯಿಂಟ್ ಜಾರ್ತಾ ಇದೆ. ಮಾಮೂಲಿ ತುಕ್ಕು ಒರಟಾಗಿ ಅಂಟ್ಕೊಂಡಿರತ್ತೆ, ಉಜ್ಜಾಟದ ಪುಡಿ ಬೆರಳಿಗೆ ಟಾಲ್ಕಂ ಪೌಡರ್ ಥರ ಹತ್ತತ್ತೆ. ಈ ಗುರುತು ಕಂಡ ಬೋಲ್ಟನ್ನ ಬರೀ ಟೈಟ್ ಮಾಡಿ ಬಿಡ್ಬೇಡಿ, ಹೊರಗೆ ತೆಗೆದು ಮೈ ನೋಡಿ. ನಡುವೆ ಮೆಟ್ಟಿಲು ಬಿದ್ದ ಹಾಗೆ ಸವೆದಿದ್ರೆ ಆ ಬೋಲ್ಟ್ ಕಸಕ್ಕೆ. ತೂತು ಮೊಟ್ಟೆ ಆಕಾರಕ್ಕೆ ಬಂದಿದ್ರೆ ಹೊಸ ಬೋಲ್ಟ್ ಹಾಕಿದ್ರೂ ನಿಲ್ಲಲ್ಲ, ಅದು ನಕಲ್ಲೋ ಶಾಕೋ ಬದಲಾಯಿಸೋ ಮಾತು, ಅಲ್ಲಿಗೆ ಗಾಡಿ ಓಡಿಸೋದು ನಿಲ್ಲಿಸಿ. (ಕೆಲವು ಗಾಡೀಲಿ ಮೇಲಿನ ತೂತು ಫ್ಯಾಕ್ಟರಿಯಿಂದಲೇ ಉದ್ದಕ್ಕೆ ಇರತ್ತೆ, ಅಂಚು ನೀಟಾಗಿರತ್ತೆ, ಅದನ್ನ ನೋಡಿ ಹೆದರ್ಬೇಡಿ.)

ಬ್ರೇಕ್ ಹಾಕಿದ್ರೆ ಒಂದೇ ಒಂದು ಟಕ್, ರಿವರ್ಸ್ ಬಂದ್ರೆ ಇನ್ನೊಂದು

ಈ ಒಂಟಿ ಸದ್ದು ಬೇರೆ ಕಥೆ. ಮುಂದಕ್ಕೆ ಹೋಗಿ ಬ್ರೇಕ್ ಒತ್ತಿದ್ರೆ ಒಂದ್ಸಲ, ಮತ್ತೆ ಮತ್ತೆ ಮುಂದಕ್ಕೇ ಹೋಗಿ ಒತ್ತಿದ್ರೆ ಸುಮ್ಮನೆ, ಹಿಂದಕ್ಕೆ ಬಂದು ಒತ್ತಿದ್ರೆ ಮತ್ತೆ ಒಂದ್ಸಲ. ಅಂದ್ರೆ ಯಾವುದೋ ಒಂದು ಭಾಗ ಒಂದು ಕಡೆ ಜಾರಿ ಅಲ್ಲೇ ಕೂತಿದೆ, ದಿಕ್ಕು ಬದಲಾದಾಗ ವಾಪಸ್ ಜಾರತ್ತೆ. ಬ್ರೇಕ್ ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಕೂತಿರೋದು ನಕಲ್ ಮೇಲೆ ಆದ್ರಿಂದ ಬ್ರೇಕ್ ಹಾಕಿದಾಗೆಲ್ಲ ನಕಲ್ ತಿರುಚೋಕೆ ನೋಡತ್ತೆ, ಮೇಲ್ಗಡೆ ಅದನ್ನ ತಡೆಯೋದು ಆ ಎರಡು ಬೋಲ್ಟೇ.

ಆದ್ರೂ ಅಗ್ಗದ್ದು ಮೊದಲು. ಶಾಕ್ ಹಾಕೋವಾಗ ಕ್ಯಾಲಿಪರ್ ಬಿಚ್ಚಿದ್ರಾ? ಅದರ ಬೋಲ್ಟ್ ಟೈಟ್ ಇದೆಯಾ, ಪ್ಯಾಡಿನ ಕ್ಲಿಪ್ ಜಾಗಕ್ಕೆ ಕೂತಿದೆಯಾ ನೋಡಿ, ಇದೇ ಆಗಿದ್ರೆ ಐದು ನಿಮಿಷದ ಕೆಲಸ. ಆಮೇಲೆ ಲೋಯರ್ ಆರ್ಮ್ (ನಕಲ್ಲಿನ ಕೆಳಭಾಗನ ಗಾಡಿಗೆ ಸೇರಿಸೋ ತೋಳು) ಹಿಂದಿನ ರಬ್ಬರ್ ಬುಷ್, ಇದು ಹರಿದ್ರೂ ಇದೇ ಥರ ಸದ್ದು ಮಾಡತ್ತೆ. ಕೊನೆಗೆ ಸ್ಟ್ರಟ್ ಬೋಲ್ಟ್, ಅಂದ್ರೆ ಆ ಎರಡು ದಪ್ಪ ಬೋಲ್ಟು. ಚಕ್ರನ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ, ಇನ್ನೊಬ್ರು ಒಳಗಿಂದ ನೋಡ್ತಿರ್ಲಿ. ಬ್ರಾಕೆಟ್ಟಿಗೂ ನಕಲ್‌ಗೂ ಮಧ್ಯೆ ಅಲುಗಾಟ ಕಂಡ್ರೆ ಬೋಲ್ಟು. ಕೆಳಗಡೆ, ನಕಲ್ಲು ಲೋಯರ್ ಆರ್ಮು ಸೇರೋ ಬಾಲ್ ಜಾಯಿಂಟ್ ಹತ್ರ ಅಲುಗಿದ್ರೆ ಬಾಲ್ ಜಾಯಿಂಟು. ನಕಲ್ ಅಲ್ಲಾಡ್ದೆ ಚಕ್ರ ಮಾತ್ರ ಅಲ್ಲಾಡಿದ್ರೆ ಬೇರಿಂಗು. ಬಾಲ್ ಜಾಯಿಂಟಲ್ಲೋ ಸ್ಟ್ರಟ್ ಬೋಲ್ಟಲ್ಲೋ ಕಣ್ಣಿಗೆ ಕಾಣೋಷ್ಟು ಆಟ ಇದ್ರೆ ಆ ಗಾಡೀನ ಗ್ಯಾರೇಜಿಗೂ ಓಡಿಸ್ಕೊಂಡು ಹೋಗ್ಬೇಡಿ, ಎಳೆಸ್ಕೊಂಡು ಹೋಗಿ.

ಸ್ಟೀರಿಂಗ್ ತಿರುಗಿಸಿದ್ರೆ "ಟೊಂಯ್"

ನಿಂತ ಗಾಡೀಲಿ ಸ್ಟೀರಿಂಗ್ ತಿರುಗಿಸಿದ್ರೆ ಗಿಟಾರ್ ತಂತಿ ಮೀಟಿದ ಹಾಗೆ ಸದ್ದು ಬಂದ್ರೆ ಸ್ಪ್ರಿಂಗ್ ತಿರುಚ್ಕೊಂಡು ಒಮ್ಮೆಲೇ ಬಿಡ್ತಾ ಇದೆ. ಗಾಡಿ ನಿಂತಿರೋವಾಗ, ಇನ್ನೊಬ್ರಿಗೆ ನಿಧಾನ ಸ್ಟೀರಿಂಗ್ ತಿರುಗಿಸೋಕೆ ಹೇಳಿ, ನೀವು ಸ್ಪ್ರಿಂಗನ್ನ ಹೊರಗಿಂದ ಬೆರಳ ತುದಿಯಲ್ಲಿ ಮುಟ್ಟಿ, ಸುರುಳಿಗಳ ಮಧ್ಯೆ ಮಾತ್ರ ಬೆರಳು ತೂರಿಸ್ಬೇಡಿ. ಸ್ಪ್ರಿಂಗ್ ಸ್ಟೀರಿಂಗ್ ಜೊತೆ ನುಣ್ಣಗೆ ತಿರುಗ್ಬೇಕು. ತಡೆದು ತಡೆದು ಜಿಗಿದ್ರೆ ಮೇಲಿನ ಬೇರಿಂಗ್ ಕೂತಿಲ್ಲ. ತಲೆಕೆಳಗಾಗಿ ಹಾಕಿರ್ಬಹುದು, ಹಳೇದೇ ಹಾಕಿರ್ಬಹುದು, ಇಲ್ಲಾ ಸ್ಪ್ರಿಂಗ್ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ತಾಗದೆ ಹೊರಗೆ ಕೂತಿರ್ಬಹುದು. ಆ ಮೆಟ್ಟಿಲನ್ನ ಚಕ್ರದ ಸಂದಿಯಿಂದಲೇ ನೋಡ್ಬಹುದು, ತುದಿ ಅಲ್ಲಿಗೆ ಒತ್ಕೊಂಡಿರ್ಬೇಕು. ಇದರಲ್ಲಿ ಯಾವುದೇ ಆಗಿದ್ರೂ ಸ್ಟ್ರಟ್ ಮತ್ತೆ ಇಳಿಸಿ ಸ್ಪ್ರಿಂಗ್ ಒತ್ತಿ ಬಿಚ್ಚಲೇಬೇಕು, ಮಧ್ಯದ ರಾಡ್ ನಟ್ ಲೂಸ್ ಮಾಡಿ ಅಡ್ಜಸ್ಟ್ ಮಾಡೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ.

ಗಾಡಿ ಒಂದ್ಕಡೆ ಎಳೀತಿದೆ, ಸ್ಟೀರಿಂಗ್ ಸೊಟ್ಟ

ಇದು ತಪ್ಪಲ್ಲ, ಆಗೋದೇ ಹಾಗೆ. ಬೋಲ್ಟಿಗಿಂತ ತೂತು ಒಂಚೂರು ದೊಡ್ಡದಿರತ್ತೆ, ಆ ಒಂಚೂರಲ್ಲೇ ಚಕ್ರದ ವಾಲಿಕೆ, ಅಂದ್ರೆ ಕ್ಯಾಂಬರ್, ಬದಲಾಗತ್ತೆ. ಎಷ್ಟು ಅಂತೀರಾ? ಎರಡು ಬೋಲ್ಟ್ ಮಧ್ಯೆ 6 ಸೆಂಟಿಮೀಟರ್ ಇದೆ ಅಂದ್ಕೊಳ್ಳಿ, ಮೇಲಿಂದು ಕೆಳಗಿಂದಕ್ಕಿಂತ ಬರೀ 1 ಮಿಲಿಮೀಟರ್ ಆಚೀಚೆ ಕೂತ್ರೆ ವಾಲಿಕೆ ಹತ್ತಿರ ಹತ್ತಿರ 1 ಡಿಗ್ರಿ ಬದಲಾಗತ್ತೆ. ಅಲೈನ್‌ಮೆಂಟಲ್ಲಿ 1 ಡಿಗ್ರಿ ಕ್ಯಾಂಬರ್ ಅನ್ನೋದು ಸಣ್ಣ ಮಾತಲ್ಲ, ಟೈರಿನ ಒಂದು ಅಂಚು ತಿನ್ನೋಕೆ ಸಾಕು. ಕ್ಯಾಂಬರ್ ಬದಲಾದ್ರೆ ಟೋ (ಮೇಲಿಂದ ನೋಡಿದ್ರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಕೂಡ ಅದರ ಹಿಂದೆ ಹೋಗತ್ತೆ.

ಆದ್ರಿಂದ ಬಿಚ್ಚೋ ಮುಂಚೆ ಬ್ರಾಕೆಟ್ಟಿನ ಅಂಚಿಗೆ ನಕಲ್ ಮೇಲೆ ಒಂದು ಗೆರೆ ಗೀರ್ಕೊಳ್ಳಿ. ಬೋಲ್ಟ್ ಮೈ ಒಂದು ಕಡೆ ಉಬ್ಬಿದ್ದು ತಲೆ ಪಕ್ಕ ಗುರುತುಗಳಿದ್ರೆ ಅದು ಕ್ಯಾಂಬರ್ ಅಡ್ಜಸ್ಟ್ ಬೋಲ್ಟು, ಅದು ಯಾವ ಗುರುತಿಗಿತ್ತು ಅಂತ ಫೋಟೋ ತೆಗೀರಿ, ಅದನ್ನ ಮಾಮೂಲಿ ಬೋಲ್ಟಿನ ಜಾಗಕ್ಕೆ ಅದಲು ಬದಲು ಮಾಡ್ಬೇಡಿ. ಗೆರೆ ಗೀರೋಕೆ ಮರ್ತಿದ್ರೆ ನಕಲ್ಲಿನ ಮೇಲ್ಭಾಗನ ಎರಡೂ ಕಡೆ ಒಳಕ್ಕೇ, ಇಲ್ಲಾ ಎರಡೂ ಕಡೆ ಹೊರಕ್ಕೇ ಒತ್ತಿ ಹಿಡಿದು ಟೈಟ್ ಮಾಡಿ, ಕನಿಷ್ಠ ಎಡ ಬಲ ಒಂದೇ ಥರ ಇರತ್ತೆ, ಅಲೈನ್‌ಮೆಂಟ್ ಅಂಗಡಿವರೆಗೂ ನೆಟ್ಟಗೆ ಹೋಗ್ಬಹುದು. ಅಲೈನ್‌ಮೆಂಟ್ ಮಾತ್ರ ಹೇಗಿದ್ರೂ ಮಾಡಿಸ್ಲೇಬೇಕು, ಗೆರೆಗೆ ಗೆರೆ ಕೂರಿಸಿದ್ರೂ ಸಹ.

ಅಲೈನ್‌ಮೆಂಟ್ ಆದ ವಾರದಲ್ಲೇ ಮತ್ತೆ ಎಳೆಯೋಕೆ ಶುರುವಾದ್ರೆ ಟೈರ್ ಬಯ್ಯೋ ಮುಂಚೆ ಆ ಗೆರೆ ನೋಡಿ. ಗೆರೆ ಸರಿದಿದ್ರೆ ಬೋಲ್ಟ್ ಜಾರಿದೆ.

ಬೋಲ್ಟ್ ತೂತಿಗೆ ಕೂರ್ತಾನೇ ಇಲ್ಲ

ಸುತ್ತಿಗೆ ಕೆಳಗಿಡಿ ಮೊದಲು. ಕೈಯಲ್ಲಿ ನೂಕಿದ್ರೆ ಹೋಗ್ತಿಲ್ಲ ಅಂದ್ರೆ ತೂತುಗಳು ನೇರ ಇಲ್ಲ ಅಂತ ಅಷ್ಟೇ, ಹೊಡೆದ್ರೆ ಮೊದಲು ಸಾಯೋದು ಥ್ರೆಡ್ಡು. ಮೇಲಿನ ಮೂರು ನಟ್ಟನ್ನ ಒಂದೆರಡು ಸುತ್ತು ಲೂಸ್ ಇಡಿ, ಪೂರ್ತಿ ಟೈಟ್ ಮಾಡಿದ್ರೆ ಸ್ಟ್ರಟ್ ಆಚೀಚೆ ಆಗಲ್ಲ. ಲೋಯರ್ ಆರ್ಮ್ ಕೆಳಗೆ ಇನ್ನೊಂದು ಜಾಕಿ ಇಟ್ಟು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡ್ತಾ ಮೇಲಿನ ತೂತನ್ನ ಸಾಲಿಗೆ ತನ್ನಿ, ಅದರಲ್ಲಿ ಒಂದು ಸ್ಕ್ರೂಡ್ರೈವರೋ ಚೂಪು ರಾಡೋ ತೂರಿಸಿ ಹಿಡ್ಕೊಳ್ಳಿ, ಈಗ ನಕಲ್ ಅದರ ಮೇಲೆ ತೂಗ್ತಾ ಇರತ್ತೆ, ಕೆಳಗಿನ ಬೋಲ್ಟ್ ಹಾಕಿ, ಆಮೇಲೆ ರಾಡ್ ತೆಗೆದು ಮೇಲಿಂದು ಹಾಕಿ. ಇದನ್ನ ಒಬ್ರೇ ಮಾಡೋಕೆ ಆಗಲ್ಲ ಅಂತಿಲ್ಲ, ಆದ್ರೆ ಮೂರನೇ ಕೈ ಇದ್ರೆ ಬೈಗುಳ ಕಮ್ಮಿ ಆಗತ್ತೆ.

ಈ ಹೊತ್ತಲ್ಲಿ ನಕಲ್ ಹೊರಗೆ ವಾಲಿ ಬೀಳೋಕೆ ಬಿಡ್ಬೇಡಿ. ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಎಳ್ಕೊಂಡು ಒಳಗಿನ ಜಾಯಿಂಟ್ ಕಳಚ್ಕೊಂಡ್ರೆ ಒಂದು ಗಂಟೆ ಕೆಲಸ ಒಂದು ದಿನ ಆಗತ್ತೆ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿಡಿ. ಕ್ಯಾಲಿಪರ್ ಬಿಚ್ಚಿದ್ರೆ ಅದನ್ನೂ ಕಟ್ಟಿ, ಬ್ರೇಕ್ ಹೋಸ್ ಮೇಲೆ ನೇತಾಡಿಸ್ಬೇಡಿ.

ಬೋಲ್ಟ್ ಯಾವ ಕಡೆಯಿಂದ ತೂರ್ಬೇಕು ಅನ್ನೋದೂ ಮುಖ್ಯ. ಫ್ಯಾಕ್ಟರಿಯಲ್ಲಿ ಮುಂದಿಂದ ಹಾಕಿದ್ರೆ ಮುಂದಿಂದಲೇ ಹಾಕಿ, ಉಲ್ಟಾ ಹಾಕಿದ್ರೆ ಉದ್ದದ ತುದಿ ಹೋಸಿಗೋ ವೈರಿಗೋ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ತಾಗಬಹುದು. ಶಾಕ್ ಹಾಕಿದ್ಮೇಲೆ ಎಬಿಎಸ್ ಲೈಟ್ ಹತ್ಕೊಂಡ್ರೆ ಅಥವಾ ತಿರುವಲ್ಲಿ ಮಾತ್ರ ಉಜ್ಜೋ ಸದ್ದು ಬಂದ್ರೆ ಮೊದಲು ನೋಡ್ಬೇಕಾದ್ದು ಇದೇ, ಸೆನ್ಸರ್ ವೈರ್ ಕ್ಲಿಪ್ ಬಿಟ್ಟೋಗಿದೆಯಾ, ಬ್ರಾಕೆಟ್ಟಿನ ಮಧ್ಯೆ ಸಿಕ್ಕಿ ಜಜ್ಜಿದೆಯಾ ಅಂತ. ಹೋಸ್ ಮೇಲೆ ಉಜ್ಜಿದ ಗುರುತು ಕಂಡ್ರೆ ಹೋಸ್ ಬದಲಾಯಿಸಿ, ಬ್ರೇಕ್ ವಿಷಯದಲ್ಲಿ ನೋಡೋಣ ಬಿಡು ಅನ್ನೋ ಆಟ ಬೇಡ.

ನಟ್ ತಿರುಗ್ತಾನೇ ಇದೆ, ಬಿಗಿಯಾಗ್ತಿಲ್ಲ

ಎರಡು ಅರ್ಥ. ಬೋಲ್ಟ್ ತಲೇನೂ ಜೊತೆಗೆ ತಿರುಗ್ತಿದ್ರೆ ಸರಿ, ಆ ಕಡೆ ರಿಂಗ್ ಸ್ಪ್ಯಾನರ್ ಹಾಕಿ ಹಿಡೀರಿ, ಮುಗೀತು. ತಲೆ ನಿಂತಿದ್ದು ನಟ್ ಮಾತ್ರ ಬೆಣ್ಣೆ ಥರ ತಿರುಗ್ತಿದ್ರೆ ಥ್ರೆಡ್ ಹೋಗಿದೆ ಅಥವಾ ಬೋಲ್ಟ್ ಎಳ್ಕೊಂಡು ಉದ್ದ ಆಗ್ತಾ ಇದೆ, ಅಲ್ಲಿಗೇ ನಿಲ್ಲಿಸಿ. "ಇನ್ನರ್ಧ ಸುತ್ತು ನೋಡೋಣ" ಅನ್ನೋದ್ರಲ್ಲೇ ಪಟ್ ಅಂತ ಕಟ್ಟಾಗೋದು.

ಕೆಲವು ಬೋಲ್ಟಿನ ತಲೆ ಕೆಳಗೆ ಸಣ್ಣ ಹಲ್ಲುಗಳಿರತ್ತೆ, ಅದು ಬ್ರಾಕೆಟ್ಟಿಗೆ ಕಚ್ಕೊಂಡು ಕೂರೋಕೆ. ಅಂಥದ್ದನ್ನ ತಲೆ ಕಡೆಯಿಂದ ಯಾವತ್ತೂ ತಿರುಗಿಸ್ಬೇಡಿ, ಹಲ್ಲು ತೂತನ್ನೇ ಕೆರೆದು ಹಾಕತ್ತೆ. ನಟ್ ಮಾತ್ರ ತಿರುಗಿಸಿ, ತೆಗೆಯೋವಾಗ ನಟ್ಟನ್ನ ಬೋಲ್ಟ್ ತುದಿಗೆ ಸಮ ತಂದು ನಿಲ್ಲಿಸಿ ಅದರ ಮೇಲೆ ತಟ್ಟಿ, ಥ್ರೆಡ್ ಉಳಿಯತ್ತೆ.

ಹೊಸ ಬೋಲ್ಟ್ ಬೇಕಾದ್ರೆ ಸಿಕ್ಕಿದ ಹಾರ್ಡ್‌ವೇರ್ ಬೋಲ್ಟ್ ಹಾಕ್ಬೇಡಿ. ತಲೆ ಮೇಲೆ 8.8 ಇಲ್ಲಾ 10.9 ಅಂತ ಬರೆದಿರತ್ತೆ. ಮೊದಲ ಅಂಕಿ 10 ಅಂದ್ರೆ ಸುಮಾರು 1000 ಮೆಗಾಪಾಸ್ಕಲ್ ಎಳೆತಕ್ಕೆ ಕಟ್ಟಾಗತ್ತೆ, ಚುಕ್ಕೆ ಆಚೆಗಿನ 9 ಅಂದ್ರೆ ಅದರ ನೂರಕ್ಕೆ 90ರಷ್ಟು ಎಳೆತದವರೆಗೆ ವಾಪಸ್ ಮೊದಲಿನ ಉದ್ದಕ್ಕೆ ಬರತ್ತೆ ಅಂತ. 10.9 ಇದ್ದ ಜಾಗಕ್ಕೆ 8.8 ಹಾಕಿ ಅದೇ ಟಾರ್ಕ್ ಕೊಟ್ರೆ ಅದು ಎಳ್ಕೊಂಡು ಅಲ್ಲೇ ಸತ್ತಿರ್ಬಹುದು, ಹೊರಗಿಂದ ಏನೂ ಗೊತ್ತಾಗಲ್ಲ.

ಮಧ್ಯದ ನಟ್ ತಿರುಗಿಸಿದ್ರೆ ರಾಡೂ ತಿರುಗತ್ತೆ

ಇದು ಸ್ಟ್ರಟ್ ಜೋಡಿಸೋವಾಗಿನ ಮಾತು, ಸ್ಪ್ರಿಂಗ್ ಕಂಪ್ರೆಸರಲ್ಲಿ ಇದ್ದಾಗ. ರಾಡ್ ತುದಿಯಲ್ಲಿ ಅಲೆನ್ ಕೀ ಗುಂಡಿನೋ ಚಪ್ಪಟೆನೋ ಇದ್ದೇ ಇರತ್ತೆ, ಅಲ್ಲಿ ಹಿಡ್ಕೊಳ್ಳಿ. ಹೊಳೆಯೋ ರಾಡನ್ನ ಪ್ಲೈಯರಲ್ಲೋ ಪೈಪ್ ರೆಂಚಲ್ಲೋ ಹಿಡಿಯೋದು ದೊಡ್ಡ ತಪ್ಪು, ಅಲ್ಲಿ ಬಿದ್ದ ಒಂದು ಗೀರು ಪ್ರತೀ ಗುಂಡಿಗೂ ಆಯಿಲ್ ಸೀಲ್ ಮೇಲೆ ಬ್ಲೇಡ್ ಥರ ಓಡಾಡತ್ತೆ, ಬೇಗನೇ ಆಯಿಲ್ ಲೀಕು. ಇಂಪ್ಯಾಕ್ಟ್ ಗನ್ನೂ ಬೇಡ, ರಾಡ್ ಜೋರಾಗಿ ಗಿರ್ರನೆ ತಿರುಗಿ ಒಳಗಿನ ಸೀಲು ಹಾಳು ಮಾಡತ್ತೆ. ಹೊಸ ಶಾಕ್ ಬೇಗ ಸೋರ್ತಿದೆ ಅಂದ್ರೆ ಡಸ್ಟ್ ಕವರ್ ಎತ್ತಿ ರಾಡ್ ಮೇಲೆ ಹಲ್ಲಿನ ಗುರುತು ಇದೆಯಾ ನೋಡಿ, ಇದ್ರೆ ವಾರಂಟಿ ಕೇಳೋಕೆ ಹೋಗಿ ಮುಖಭಂಗ ಮಾಡ್ಕೊಳ್ಬೇಡಿ.

ಟೈಟ್ ಮಾಡಿದ್ದು ಎರಡೇ ವಾರಕ್ಕೆ ಮತ್ತೆ ಲೂಸ್

ಇಲ್ಲಿ ಸುಮಾರು ಜನ ಬೋಲ್ಟ್ ಬಯ್ತಾರೆ, ನಾನು ಮೊದಲು ಸಂದಿ ನೋಡ್ತೀನಿ. ಬ್ರಾಕೆಟ್ಟಿನ ಒಳಮೈಯಲ್ಲಿ ದಪ್ಪ ಪೇಂಟ್, ನಕಲ್ಲಲ್ಲಿ ಬೋಲ್ಟ್ ಹೋಗೋ ಕಿವಿ ಮೇಲೆ ಹಳೇ ತುಕ್ಕಿನ ಪೊರೆ, ಒಂದು ಮರಳಿನ ಕಣ, ಇಷ್ಟೇ ಸಾಕು. ಟೈಟ್ ಮಾಡಿದಾಗ ಎಲ್ಲಾ ಗಟ್ಟಿ, ಓಡ್ತಾ ಓಡ್ತಾ ಆ ಪೊರೆ ಪುಡಿಯಾಗಿ ಉದುರತ್ತೆ, ಉದುರಿದಷ್ಟು ಜಾಗ ಖಾಲಿ, ಬೋಲ್ಟಿನ ಎಳೆತ ಅಷ್ಟು ಕಮ್ಮಿ. ನಟ್ ಒಂದು ಡಿಗ್ರೀನೂ ತಿರುಗಿರಲ್ಲ, ಆದ್ರೂ ಲೂಸ್. ವೈರ್ ಬ್ರಶ್ ಹಾಕಿ ಎರಡೂ ಮೈ ಬರೀ ಲೋಹ ಕಾಣೋ ಹಾಗೆ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಒಣ ಇಡಿ. ಆ ಮೈಗಳ ಮಧ್ಯೆ ಗ್ರೀಸ್ ಹಚ್ಚಿದ್ರೆ ಹಿಡಿತವೇ ಹೋಯ್ತು. ಥ್ರೆಡ್ಡಿಗೂ ಸುಮ್ಸುಮ್ನೆ ಗ್ರೀಸ್ ಬೇಡ, ಮ್ಯಾನ್ಯುಯಲ್ಲಲ್ಲಿ ಒಣ ಥ್ರೆಡ್ಡಿಗೆ ಕೊಟ್ಟ ಟಾರ್ಕನ್ನ ಜಾರೋ ಥ್ರೆಡ್ಡಿಗೆ ಕೊಟ್ರೆ ಬೋಲ್ಟ್ ಜಾಸ್ತಿ ಎಳೆದುಬಿಡತ್ತೆ.

ಆಮೇಲೆ ನಟ್. ಇವು ಲಾಕ್ ನಟ್, ಬಾಯಲ್ಲಿ ನೈಲಾನ್ ಬಳೆ ಇರತ್ತೆ ಇಲ್ಲಾ ಲೋಹವನ್ನೇ ಒಂಚೂರು ಅಮುಕಿರ್ತಾರೆ. ಬೆರಳಲ್ಲೇ ಕೊನೇವರೆಗೂ ತಿರುಗ್ತಿದ್ರೆ ಅದರ ಜೀವ ಮುಗಿದಿದೆ. ಬಿಚ್ಚಿದ ಪ್ರತೀ ಸಲ ನಟ್ ಹೊಸದು ಹಾಕಿ ಅಂತ ತುಂಬಾ ಕಂಪನಿಗಳು ಮ್ಯಾನ್ಯುಯಲ್ಲಲ್ಲೇ ಹೇಳ್ತಾರೆ, ಕೆಲವ್ರು ಬೋಲ್ಟೂ ಹೊಸದೇ ಅಂತಾರೆ. ಸಾವಿರಗಟ್ಟಲೆ ಕೊಟ್ಟು ಶಾಕ್ ತರೋವ್ರು ನಾಲ್ಕು ನಟ್ಟಿಗೆ ಜಿಪುಣತನ ಮಾಡೋದು ನನಗೆ ಯಾವತ್ತೂ ಅರ್ಥ ಆಗಿಲ್ಲ.

ಮೂರನೇದು ಟಾರ್ಕ್. ಕೆಳಗಿನ ಬೋಲ್ಟುಗಳಿಗೆ ಗಾಡಿ ನೋಡ್ಕೊಂಡು ಸಾಮಾನ್ಯವಾಗಿ 80ರಿಂದ 200 ನ್ಯೂಟನ್ ಮೀಟರ್ ಒಳಗೆ ಇರತ್ತೆ, ನಿಮ್ಮ ಮಾಡೆಲ್ಲಿನ ಅಂಕಿ ಮ್ಯಾನ್ಯುಯಲ್ಲಲ್ಲಿ ನೋಡಿಯೇ ಹಾಕಿ. 100 ಅಂದ್ರೆ ಅರ್ಧ ಮೀಟರ್ ಉದ್ದದ ಹಿಡಿ ತುದಿಗೆ 20 ಕೆಜಿ ತೂಕ ನೇತಾಕಿದಷ್ಟು, ಸಣ್ಣ ಸ್ಪ್ಯಾನರಲ್ಲಿ "ಫುಲ್ ಟೈಟ್" ಮಾಡಿದ್ದು ಇದರ ಹತ್ರಾನೂ ಬಂದಿರಲ್ಲ. ಯೂನಿಟ್ ನೋಡ್ಕೊಳ್ಳಿ, ಕೆಲವು ಟಾರ್ಕ್ ರೆಂಚಲ್ಲಿ (ಹೊಂದಿಸಿದಷ್ಟು ಬಿಗಿಯಾದ ತಕ್ಷಣ ಕ್ಲಿಕ್ ಅನ್ನೋ ಸ್ಪ್ಯಾನರ್) ಎರಡು ಸಾಲು ಅಂಕಿ ಇರತ್ತೆ, 1 ಅಡಿ ಪೌಂಡ್ ಅಂದ್ರೆ ಸುಮಾರು 1.36 ನ್ಯೂಟನ್ ಮೀಟರ್, ನ್ಯೂಟನ್ ಮೀಟರ್ ಅಂಕೀನ ತಪ್ಪಿ ಅಡಿ ಪೌಂಡ್ ಸಾಲಲ್ಲಿ ಇಟ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೆಚ್ಚು ಟೈಟಾಗತ್ತೆ. ಕ್ಲಿಕ್ ಅಂದ ಮೇಲೆ ನಿಲ್ಲಿಸಿ, ಸಮಾಧಾನಕ್ಕೆ ಅಂತ ಇನ್ನೆರಡು ಸಲ ಕ್ಲಿಕ್ ಮಾಡೋದು ಬೇಡ.

ಎಲ್ಲಾ ಆದ್ಮೇಲೆ ನಟ್ಟಿಂದ ಬ್ರಾಕೆಟ್ಟಿಗೆ ಅಡ್ಡವಾಗಿ ಪೇಂಟ್ ಮಾರ್ಕರಲ್ಲಿ ಒಂದು ಗೆರೆ ಎಳೀರಿ. ವಾರ ಬಿಟ್ಟು ಟಾರ್ಚ್ ಹಾಕಿ ನೋಡಿದ್ರೆ ಸಾಕು, ಗೆರೆ ಮುರಿದಿದ್ರೆ ನಟ್ ತಿರುಗಿದೆ. ಗೆರೆ ನೇರ ಇದ್ದೂ ಸಂದಿಯಲ್ಲಿ ಆ ಕೆಂಪು ಪುಡಿ ಬಂದಿದ್ರೆ, ಮೇಲೆ ಹೇಳಿದ ಪೊರೆ ಕಥೆ.

ಶಾಕಿನ ಕೆಳಗಡೆ ಎರಡು ಬೋಲ್ಟ್ ಬದಲು ರಬ್ಬರ್ ಬುಷ್ ಇರೋ ಒಂದೇ ಕಣ್ಣು, ಅದಕ್ಕೆ ಒಂದೇ ಬೋಲ್ಟ್ ಇರೋ ಗಾಡಿಗಳೂ ಇವೆ. ಅಲ್ಲಿ ನಿಯಮ ಬೇರೆ. ಗಾಡಿ ಎತ್ತಿ ಚಕ್ರ ನೇತಾಡ್ತಿರೋವಾಗ ಆ ಬೋಲ್ಟ್ ಟೈಟ್ ಮಾಡಿದ್ರೆ ರಬ್ಬರ್ ಆ ನೇತಾಡೋ ಭಂಗಿಯಲ್ಲೇ ಕಚ್ಕೊಳತ್ತೆ, ಕೆಳಗಿಳಿಸಿದಾಗ ತಿರುಚ್ಕೊಂಡೇ ಇರತ್ತೆ, ಮುಂಭಾಗ ಒಂಚೂರು ಎತ್ತರ ಕಾಣತ್ತೆ, ಕಿರ್ ಕಿರ್ ಅನ್ನತ್ತೆ, ಬೇಗ ಹರಿಯತ್ತೆ. ಔಷಧಿ ಸುಲಭ, ಗಾಡಿ ತನ್ನ ಚಕ್ರದ ಮೇಲೆ ನಿಂತಿರೋವಾಗ, ರ‍್ಯಾಂಪ್ ಇದ್ರೆ ಅದರ ಮೇಲೆ ಹತ್ತಿಸಿ, ಆ ಬೋಲ್ಟ್ ಲೂಸ್ ಮಾಡಿ, ಗಾಡೀನ ಎರಡು ಸಲ ಒತ್ತಿ ಕೂರಿಸಿ, ಮತ್ತೆ ಟಾರ್ಕ್ ಹಾಕಿ. ಬುಷ್ ಇನ್ನೂ ಹರಿದಿಲ್ಲದಿದ್ರೆ ಕಿರ್ ಕಿರ್ ಅಲ್ಲಿಗೇ ನಿಲ್ಲತ್ತೆ.